ಎರಡು ಮಹಾಭಾರತಗಳು

2020ನೆಯ ಇಸವಿಯ ಬೇಸಗೆಯನ್ನು ಓದುಗರು ಮರೆತಿರಲಾರರು. ಬೆಳಗಾಗುವ ಮೊದಲೇ ಬಂಗಾರಪೇಟೆಯಿಂದ ಬೆಂಗಳೂರಿಗೆ ಜನರನ್ನು ತುಂಬಿಕೊಂಡು ಹೋಗುವ ರೈಲುಗಳು ನಿಂತುಹೋದುವು; ಊರೆಲ್ಲ ಮನೆಯೊಳಗೆ ಸೇರಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡು ಮಹಾಭಾರತಗಳು ಒಂದರ ಹಿಂದೊಂದು ನಡೆದುವು. ಮಾರ್ಚಿ 28ರಿಂದ ದೂರದರ್ಶನದವರು ಬಿ. ಆರ್. ಚೋಪ್ರಾ ಅವರ ಹಳೆಯ ಹಿಂದೀ ಧಾರಾವಾಹಿಯನ್ನು ಮತ್ತೆ ತೋರಿಸಿದರು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ವಾಹಿನಿಯವರು, 2013ರಲ್ಲಿ ಹಿಂದಿಯಲ್ಲಿ ಬಂದಿದ್ದ ಬೇರೊಂದು ಮಹಾಭಾರತಕ್ಕೆ ಕನ್ನಡದ ಮಾತು ಕೂಡಿಸಿ ಆರಂಭಿಸಿದರು. ಎರಡರಲ್ಲಿ ಯಾವುದು ಮೇಲೆಂದು ಆಗ ಯಾರಾದರೂ ಕೇಳಿದ್ದರೆ, ಅವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದೆನು. ಈಗ ಅಷ್ಟು ಬೇಗ ಹೇಳಲಾರೆ.

ಹಳೆಯದು 1988ರ ಅಕ್ಟೋಬರ್ 2ರಂದು ಮೊದಲಾಗಿ 1990ರ ಜೂನಿನಲ್ಲಿ ಮುಗಿಯಿತು; ಭಾನುವಾರದ ಬೆಳಗಿಗೊಂದರಂತೆ 94 ಕಂತು. ನಾವು ಆಗ ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫಿನ ಕಡೆ ವಾಸವಾಗಿದ್ದೆವು. ತಂದೆಯವರು ಗಣಿಯ ಕಚೇರಿಯಲ್ಲಿ ಗುಮಾಸ್ತರು. ನಾನು ಸಂಸ್ಕೃತ ವ್ಯಾಸಂಗ ಮುಗಿಸಿ ಆಗತಾನೆ ಉಪಾಧ್ಯಾಯನಾಗಿದ್ದೆನು. ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲಿಯೇ ಕಂಡ ಊರು ಅದು. ಆದರೂ ನಮ್ಮ ಸಾಲಿಗೆಲ್ಲ ದೂರದರ್ಶನದ ಪೆಟ್ಟಿಗೆ ಒಂದೇ ಒಂದು, ಅದೂ ಕಪ್ಪು ಬಿಳುಪಿನದು. ರಾತ್ರಿಯ ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದವರು ನಿದ್ದೆಗೆಟ್ಟ ಕಣ್ಣುಗಳಲ್ಲಿ ಬಾಗಿಲ ಬಳಿ ನಿಲ್ಲುವರು. ಹೆಂಗಸರು ಮಕ್ಕಳು ಒಳಗೆ ಚಾಪೆಯ ಮೇಲೆ.

ತಮಿಳು, ತೆಲುಗು, ಕನ್ನಡ ಮೂರೂ ಆಡುತ್ತಿದ್ದ ಆ ಸಭೆಯಲ್ಲಿ ಹಿಂದೀ ಬಲ್ಲವರು ಯಾರೂ ಇರಲಿಲ್ಲ. ನನ್ನ ಹಿಂದಿಯೂ ಅಷ್ಟಕ್ಕಷ್ಟೆ. ಆದರೆ ಆ ಸಂಭಾಷಣೆಗಳಲ್ಲಿ ಸಂಸ್ಕೃತ ಪದಗಳು ಧಾರಾಳವಾಗಿದ್ದುದರಿಂದ, ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವವನಂತೆ ಹೇಗೋ ದಾಟುತ್ತಿದ್ದೆನು. ನಾನು ನಮ್ಮ ತಾಯಿಯವರಿಗೆ ಕನ್ನಡದಲ್ಲಿ ಹೇಳುವೆನು. ಅವರ ಪಕ್ಕದಲ್ಲಿ ಕುಳಿತ ನೆರೆಮನೆಯಾಕೆ ಅದನ್ನು ತಮಿಳಿಗೆ ತಿರುಗಿಸಿ ಹಿಂದಿನವರಿಗೆ ದಾಟಿಸುವರು. ಅಲ್ಲಿ ಕುಂತಿ ಅಳುತ್ತಿದ್ದುದರ ಕಾರಣ ಬಾಗಿಲ ಬಳಿ ನಿಂತವರಿಗೆ ತಿಳಿಯುವ ವೇಳೆಗೆ ಕುಂತಿ ಕಣ್ಣೊರಸಿಕೊಂಡಾಗಿರುತ್ತಿದ್ದಿತು. ಬೀದಿಯ ಹುಡುಗರೆಲ್ಲ ತಂದೆಯನ್ನು ‘ಪಿತಾಶ್ರೀ’ ಎಂದು ಕರೆಯಲಾರಂಭಿಸಿದರು. ಸಮಾಸವಾದರೆ ‘ಪಿತೃಶ್ರೀ’ ಎಂದಾಗಬೇಕೆಂದು ನಾನು ತಿದ್ದಹೋಗಿ ನಗೆಗೀಡಾದೆನು.

ಆ ಧಾರಾವಾಹಿಯ ದೋಷಗಳನ್ನು ನಾನು ಅರಿಯದವನಲ್ಲ. ಎರಡು ಬಾಣಗಳು ಆಕಾಶದಲ್ಲಿ ಎದುರಾಗಲು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಒಲೆಯ ಮೇಲಿನ ಹಾಲನ್ನು ಇಳಿಸಿ ಬರಬಹುದಾಗಿದ್ದಿತು. ಆದರೆ ಕಥೆಯನ್ನು ಕಾಲಪುರುಷನ ಬಾಯಿಂದ ಹೇಳಿಸಿದ್ದು ದೊಡ್ಡ ಕಲ್ಪನೆ. ಹರೀಶ್ ಭಿಮಾನಿಯವರ ಆ ಕಂಠ ಇಂದಿಗೂ ಕಿವಿಯಲ್ಲಿದೆ. ಮುಕೇಶ್ ಖನ್ನಾ ಅವರ ಭೀಷ್ಮನಲ್ಲಿ ಗಾಂಭೀರ್ಯವಿದ್ದಿತು. ಸಂಭಾಷಣೆ ಬರೆದ ರಾಹೀ ಮಾಸೂಮ್ ರಜಾ ಅವರು ಪಾತ್ರಗಳಿಗೆ ಮೌನವಾಗಿರಲೂ ಅವಕಾಶ ಕೊಟ್ಟಿದ್ದರು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಮಯಸಭೆಯಲ್ಲಿ ದುರ್ಯೋಧನನು ನೆಲವೆಂದು ಭ್ರಮಿಸಿ ನೀರಿಗೆ ಬೀಳುವ ಪ್ರಸಂಗ 1989ರಲ್ಲಿ ಬಂದಿತು. ಅಲ್ಲಿ ದ್ರೌಪದಿಯು ನಕ್ಕು, ಕುರುಡನ ಮಗನೂ ಕುರುಡನೇ ಎಂಬರ್ಥದ ಮಾತನ್ನಾಡುತ್ತಾಳೆ. ವ್ಯಾಸರ ಸಭಾಪರ್ವದಲ್ಲಿ ಆ ಹೊತ್ತಿಗೆ ನಕ್ಕವರು ಭೀಮಾರ್ಜುನರು, ನಕುಲಸಹದೇವರು, ಪರಿಚಾರಕರು. ದ್ರೌಪದಿಯೂ ನಕ್ಕಳೆಂಬುದು ಆಮೇಲೆ ದುರ್ಯೋಧನನು ತಂದೆಯ ಬಳಿ ದೂರು ಹೇಳುವಾಗ ಬರುವ ಮಾತು. ಕುರುಡನೆಂಬ ನಿಂದೆಯಂತೂ ಅವಳ ಬಾಯಲ್ಲಿ ಇಲ್ಲವೇ ಇಲ್ಲ. ಮೇಲಾಗಿ ನಮ್ಮ ಕೋಲಾರ ಸೀಮೆಯಲ್ಲಿ ಅವಳು ಬರಿಯ ಪಾತ್ರವಲ್ಲ, ಕರಗವಾಗಿ ಬೀದಿಯಲ್ಲಿ ಬರುವ ತಾಯಿ. ಆ ಕರಗಕ್ಕೆ ನಮ್ಮ ತಾಯಿಯವರು ಬಾಗಿಲಲ್ಲಿ ನಿಂತು ಹೂವೇರಿಸಿದ್ದನ್ನು ಕಂಡವನು ನಾನು. ‘ಏನಂದಳಪ್ಪಾ?’ ಎಂದು ಅವರು ಕೇಳಿದಾಗ, ‘ಏನೂ ಇಲ್ಲಮ್ಮ, ಭೀಮ ನಕ್ಕ’ ಎಂದುಬಿಟ್ಟೆನು. ಅದು ತಮಿಳಾಗಿ ಬಾಗಿಲವರೆಗೂ ಹೋಯಿತು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನಾವು ಬಂಗಾರಪೇಟೆಗೆ ಬಂದೆವು, ತಂದೆಯವರು ತೀರಿಕೊಂಡರು, ಆ ಸಾಲಿನವರು ಎಲ್ಲೆಲ್ಲಿಗೋ ಚದರಿಹೋದರು.

2020ರ ಏಪ್ರಿಲ್ಲಿನಲ್ಲಿ ಅದೇ ಕಂತು ಮರಳಿ ಬಂದಾಗ ನಮ್ಮ ತಾಯಿಯವರಿಗೆ ಎಂಬತ್ತು. ಪಕ್ಕದಲ್ಲಿ, ಶಾಲೆಯಲ್ಲಿ ಹಿಂದೀ ಕಲಿತ ನನ್ನ ಮಗಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, ‘ಅಜ್ಜಿ, ಕುರುಡನ ಮಗ ಕುರುಡ ಅಂತ ದ್ರೌಪದಿ ಹಂಗಿಸಿದಳು’ ಎಂದುಬಿಟ್ಟಳು. ತಾಯಿಯವರು ನನ್ನತ್ತ ತಿರುಗಿದರು.

‘ಆವತ್ತು ನೀನು ಹೀಗೆ ಹೇಳಲಿಲ್ಲ.’

ಮೂವತ್ತೊಂದು ವರ್ಷದ ಹಿಂದಿನ ಮಾತು ಅವರಿಗೆ ನೆನಪಿದ್ದಿತು! ನಾನು ವ್ಯಾಸರನ್ನು ಮುಂದಿಟ್ಟೆನು, ಮೂಲದಲ್ಲಿ ಹಾಗಿಲ್ಲವೆಂದೆನು. ಅವರು ಸಮಾಧಾನದಿಂದಲೇ ಕೇಳಿ, ‘ಮೂಲದಲ್ಲಿ ಇಲ್ಲದಿದ್ದರೆ ಇಲ್ಲವೆಂದು ಹೇಳಬೇಕಾಗಿತ್ತು. ಅವಳು ಅಂದದ್ದನ್ನು ಅನ್ನಲಿಲ್ಲ ಅನ್ನಬಹುದೇ? ಇನ್ನೇನೇನು ಬಿಟ್ಟಿದ್ದೀಯಪ್ಪಾ?’ ಎಂದರು.

ಆ ರಾತ್ರಿ ಲೆಕ್ಕ ಹಾಕಿದೆನು. ಬಿಟ್ಟದ್ದು ಬಹಳವಿದ್ದಿತು, ಸೇರಿಸಿದ್ದು ಇನ್ನೂ ಹೆಚ್ಚು. ಕರ್ಣನಿಗೆ ನಾನೇ ಎರಡು ಮಾತು ಕೊಟ್ಟಿದ್ದೆನು. ಅರ್ಥವಾಗದ ಹಿಂದಿಯನ್ನು ಉದ್ಯೋಗಪರ್ವದಿಂದ ತುಂಬಿದ್ದೆನು. ಅಷ್ಟು ವರ್ಷ ನಾನು ಕೊಂಡಾಡುತ್ತಿದ್ದ ಹಳೆಯ ಭಾರತದಲ್ಲಿ ಅರ್ಧ ಬೊಂಬಾಯಿಯವರದು, ಅರ್ಧ ನನ್ನದು.

ಇಷ್ಟಾದ ಮೇಲೆ ಹೊಸದು ಬಂದಿತು. ಕನ್ನಡದಲ್ಲಿ ಡಬ್ಬಿಂಗ್ ಕೂಡದೆಂಬ ಕಟ್ಟು ದಶಕಗಳಿಂದ ನಡೆದುಬಂದಿದ್ದು, 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಅದಕ್ಕೆ ವಿರುದ್ಧವಾಗಿ ಬಂದಿದ್ದಿತು. ನಾನು ಆ ಕಟ್ಟಿನ ಪರವಾಗಿ ವಾದಿಸಿದವನು. ಗಣಕಯಂತ್ರದಲ್ಲಿ ಹುಟ್ಟಿದ ಅರಮನೆಗಳು, ವ್ಯಾಯಾಮಶಾಲೆಯಿಂದ ನೇರವಾಗಿ ಬಂದಂಥ ಪಾಂಡವರು, ಒಂದು ಮಾತಿಗೆ ಮೂರು ಕಡೆಯಿಂದ ಮೂರು ಮುಖ, ಹಿಂದೆ ಗುಡುಗು. ಸೌರಭ್ ರಾಜ್ ಜೈನರ ಕೃಷ್ಣನು ಚೆಲುವನೇ. ಆದರೆ ನಡುನಡುವೆ ಕಥೆಯನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿ ಉಪದೇಶಿಸುತ್ತಾನೆ. ತರಗತಿಯಲ್ಲಿ ಮೂರು ದಶಕ ಅದೇ ಕೆಲಸ ಮಾಡಿದ ನನಗೇ ಅದು ಅತಿಯೆನಿಸಿತು. ಕಲೆಯೆಂದು ನೋಡಿದರೆ ಹಳೆಯದೇ ಮೇಲು. ಈ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಆದರೆ ನಮ್ಮ ತಾಯಿಯವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕುಳಿತರು. ಶಕುನಿಯ ಮಾತಿಗೆ ತಾವೇ ಬೈದರು. ಗಾಂಧಾರಿಗೆ ತಾವೇ ಮರುಗಿದರು. ಯಾರ ಮುಖವನ್ನೂ ನೋಡಿ ‘ಏನಂತೆ?’ ಎಂದು ಕೇಳಬೇಕಾಗಿರಲಿಲ್ಲ. ನಾನು ಒಮ್ಮೆ, ‘ಅಮ್ಮ, ಇದು ಮೂಲದಲ್ಲಿ...’ ಎಂದು ಆರಂಭಿಸಿದೆನು.

‘ಸ್ವಲ್ಪ ಸುಮ್ಮನಿರಪ್ಪಾ, ಮಾತು ಕೇಳಿಸುವುದಿಲ್ಲ.’

ಸುಮ್ಮನಾದೆನು. ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಕಥೆ ನಿಂತು ಸಾಬೂನಿನ ಜಾಹೀರಾತು ಬಂದಿತು. ತಾಯಿಯವರು ಧ್ವನಿಯನ್ನು ತಗ್ಗಿಸಲು ಹೇಳಿ ನನ್ನ ಕಡೆ ತಿರುಗಿ, ‘ಹೂಂ, ಈಗ ಹೇಳು. ವ್ಯಾಸರು ಏನು ಬರೆದಿದ್ದಾರೆ? ಬಿಡದೆ ಹೇಳು’ ಎಂದರು.