ಸೊನ್ನೆಯನ್ನೂ ಬರೀಬೇಕು

ಕಲ್ಲಡ್ಕ ಅಂದ ಕೂಡ್ಲೇ ಎಲ್ಲರೂ ಕೇಳೋದು ಕೆ.ಟಿ. ಬಗ್ಗೆ. ಲಕ್ಷ್ಮೀ ನಿವಾಸದ ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಚಹಾದ ಡಿಕಾಕ್ಷನ್, ಒಂದಕ್ಕೊಂದು ಬೆರೆಯದೆ ನಿಂತಿರುತ್ತಲ್ಲ, ಅದೇ. ಆದ್ರೆ ನನಗೆ ಕಲ್ಲಡ್ಕ ಅಂದ್ರೆ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆ, ಅಡಿಕೆ ತೋಟ, ಮತ್ತೆ ಅಂಗಳದ ಮೂಲೆಯ ಮಳೆಮಾಪಕ.

ಮಳೆಮಾಪಕ ಅಪ್ಪನದ್ದು. ದಿನಾ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ಡೈರಿಯಲ್ಲಿ ಬರೆಯುತ್ತಿದ್ದರು. ಮಳೆ ಇಷ್ಟು ಮಿ.ಮೀ., ಅಡಿಕೆ ಧಾರಣೆ ಇಷ್ಟು.. ಅಷ್ಟೇ. ಮಳೆ ಬಾರದ ದಿನ ಸೊನ್ನೆ ಅಂತ ಬರೀತಿದ್ರು. "ಸೊನ್ನೆ ಯಾಕೆ ಬರೆಯೋದು ಅಪ್ಪ?" ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಬರೆಯದಿದ್ರೆ ಮಳೆ ಬರಲಿಲ್ಲವೋ, ನಾನು ನೋಡ್ಲಿಲ್ಲವೋ ಹೇಗೆ ಗೊತ್ತಾಗ್ಬೇಕು?" ಅಂದಿದ್ರು.

2023ರ ಆಟಿ ತಿಂಗಳಲ್ಲಿ ಅಪ್ಪ ಹೋದ್ರು. ಜುಲೈ 22ರ ನಂತರ ಡೈರಿ ಖಾಲಿ.

ಅಮ್ಮನನ್ನು ನೋಡಿಕೊಳ್ತೇನೆ ಅಂತ ಬೆಂಗಳೂರಿನ ಕೆಲಸವನ್ನು ಮನೆಗೇ ತಂದುಕೊಂಡೆ. ನಿಜ ಹೇಳ್ಬೇಕಂದ್ರೆ ಅಮ್ಮನೇ ನನ್ನನ್ನು ನೋಡಿಕೊಂಡಳು. ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ. ಪೇಟೆಯಲ್ಲಿ ಯಾರಾದ್ರೂ "ಎಂಚ ಉಲ್ಲರ್?" ಅಂದ್ರೆ "ಎಡ್ಡೆ ಉಲ್ಲೆ" ಅಂತ ನಕ್ಕು, ಮನೆಗೆ ಬಂದು ಗೋಡೆ ನೋಡ್ತಾ ಕೂರೋದು. ಗೆಳೆಯರು ಸುಮ್ಮನಿರ್ತಾರಾ? "ಪಾಸಿಟಿವ್ ಆಗಿ ಯೋಚಿಸು ಮಾರಾಯ, 21 ದಿನ ಮಾಡಿದ್ರೆ ಮೆದುಳು ಬದಲಾಗುತ್ತೆ" ಅಂದ್ರು. ನಾನೂ "ನಾನು ಸಂತೋಷವಾಗಿದ್ದೇನೆ" ಅಂತ ಚೀಟಿ ಬರೆದು ಕನ್ನಡಿಗೆ ಅಂಟಿಸಿದೆ. ದಿನಾ ಓದ್ದೆ. ಓದಿದಷ್ಟೂ ಸುಳ್ಳು ಹೇಳ್ತಿದ್ದೇನೆ ಅನಿಸ್ತಿತ್ತು.

ಆಮೇಲೆ ಗೊತ್ತಾಯ್ತು, ನಾನೊಬ್ಬನೇ ಅಲ್ಲ. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಭಾವಿಸಿರುವವರು ಇಂಥ ಒಳ್ಳೊಳ್ಳೆ ವಾಕ್ಯ ಹೇಳಿಕೊಂಡ್ರೆ ಮನಸ್ಸು ಇನ್ನಷ್ಟು ಕುಗ್ಗಬಹುದಂತೆ.

ಕೊನೆಗೆ 2024ರ ಮೇ ತಿಂಗಳಲ್ಲಿ ಮಂಗಳೂರಿನ ಡಾಕ್ಟರೊಬ್ಬರ ಹತ್ತಿರ ಹೋದೆ. ಮಾತ್ರೆ ಕೊಟ್ರು, ಜತೆಗೆ ಒಂದು ಹೋಂವರ್ಕ್. ದಿನಕ್ಕೆ ಮೂರು ಒಳ್ಳೆ ಸಂಗತಿ ಬರೀಬೇಕು, ಅದು ಯಾಕೆ ಆಯ್ತು ಅಂತಾನೂ ಬರೀಬೇಕು. ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರ ಹೀಗೆ ಬರೆದವರಲ್ಲಿ ಆರು ತಿಂಗಳವರೆಗೂ ಪರಿಣಾಮ ಕಂಡಿತ್ತು. ನಂತರದ ಎಲ್ಲ ಅಧ್ಯಯನಗಳಲ್ಲಿ ಅಷ್ಟು ಚೆನ್ನಾಗಿ ಸಿಕ್ಕಿಲ್ಲ ಅನ್ನೋದನ್ನೂ ಹೇಳ್ಬೇಕು.

ಮೊದಲ ರಾತ್ರಿ ನಾನು ಬರೆದದ್ದು: "ಕರೆಂಟ್ ಹೋಗಲಿಲ್ಲ. ಯಾಕೆ? ಗೊತ್ತಿಲ್ಲ." ಎರಡನೇ ದಿನ ಮರೆತೆ. ಮೂರನೇ ದಿನವೂ.

ಜೂನ್‌ನಲ್ಲಿ ಮಳೆ ಹಿಡೀತು. ಒಂದು ಬೆಳಿಗ್ಗೆ ಅಮ್ಮ, "ಮಗಾ, ಮಳೆ ಎಷ್ಟು ಬಂತು ನೋಡು, ಅಪ್ಪನ ಡೈರಿ ಹಾಗೇ ಉಂಟು" ಅಂದಳು. ಅಳೆದೆ. ಜುಲೈ 23ರ ಖಾಲಿ ಪುಟದಲ್ಲಿ ಮಿ.ಮೀ. ಬರೆದು, ಅದರ ಕೆಳಗೆ ಹಿಂದಿನ ದಿನದ ಮೂರು ಸಂಗತಿ ಬರೆದೆ. ಅಲ್ಲಿಂದ ಮರೆವು ಕಡಿಮೆಯಾಯ್ತು. ಏಕೆಂದ್ರೆ ಮಳೆ ಅಳೆಯೋದು ನೆನಪಾದ್ರೆ ಬರೆಯೋದೂ ನೆನಪಾಗ್ತಿತ್ತು.

21 ದಿನದಲ್ಲಿ ಏನೂ ಆಗ್ಲಿಲ್ಲ. ಲಂಡನ್ನಿನ ಫಿಲಿಪ್ಪಾ ಲಾಲಿ ತಂಡದ ಅಧ್ಯಯನದಲ್ಲಿ ಒಂದು ಅಭ್ಯಾಸ ಮೈಗೂಡಲು 18ರಿಂದ 254 ದಿನಗಳವರೆಗೆ ಬೇಕಾಗಿತ್ತು, ಮಧ್ಯಮ ಲೆಕ್ಕದಲ್ಲಿ 66. ನಡುವೆ ಒಂದು ದಿನ ತಪ್ಪಿದ್ರೆ ದೊಡ್ಡ ನಷ್ಟವಿಲ್ಲ ಅಂತಾನೂ ಕಂಡುಬಂತು. ನನಗೆ ಸುಮಾರು ಎರಡು ತಿಂಗಳಾದ ಮೇಲೆ ಒಂದು ವಿಚಿತ್ರ ಶುರುವಾಯ್ತು. ತೋಟದಲ್ಲಿ ನಡೀತಾ ಏನಾದ್ರೂ ಕಂಡ್ರೆ "ಇದನ್ನು ನಾಳೆ ಬರೀಬಹುದು" ಅಂತ ಅನಿಸ್ತಿತ್ತು. ಕಣ್ಣು ತಾನಾಗಿ ಹುಡುಕ್ತಿತ್ತು. ಮೆದುಳಿಗೆ ತರಬೇತಿ ಅಂತಾರಲ್ಲ, ನನಗೆ ಅರ್ಥವಾದದ್ದು ಇಷ್ಟೇ.

ಎಷ್ಟೋ ದಿನ ಏನೂ ಸಿಗುತ್ತಿರಲಿಲ್ಲ. ಅಂಥ ದಿನ ಸೊನ್ನೆ ಅಂತ ಬರೆದೆ. ಕನ್ನಡಿಯ ಚೀಟಿಗೂ ಈ ಡೈರಿಗೂ ಇರುವ ವ್ಯತ್ಯಾಸ ಅದೇ ಅನಿಸುತ್ತೆ. ಇಲ್ಲಿ ಸುಳ್ಳು ಬರೀಬೇಕಾಗಿಲ್ಲ.

ಆಗಸ್ಟ್‌ನಲ್ಲಿ ಆಫೀಸಿನ ಕೆಲಸಕ್ಕೆ ನಾಲ್ಕು ದಿನ ಬೆಂಗಳೂರಿಗೆ ಹೋಗಿದ್ದೆ. ವಾಪಸ್ ಬಂದು ಡೈರಿ ತೆರೆದ್ರೆ ನಾಲ್ಕೂ ದಿನದ ಮಳೆ ಅಮ್ಮನ ಅಕ್ಷರದಲ್ಲಿತ್ತು. ಕೆಳಗೆ ಮೂರ್ಮೂರು ಸಾಲು. ಒಂದು ಕಡೆ: "ಮಗ ಫೋನ್ ಮಾಡಿದ. ಯಾಕೆ? ನೆನಪಾಗಿರಬೇಕು." ಇನ್ನೊಂದು ದಿನ ಬರೀ ಸೊನ್ನೆ. ಅವಳಿಗೂ ಅಂಥ ದಿನಗಳಿವೆ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ!

ಮರುದಿನ ಅಮ್ಮನನ್ನು ಕೆ.ಟಿ. ಕುಡಿಯಲು ಕರ್ಕೊಂಡು ಹೋದೆ. ಅಪ್ಪ ಹೋದ ಮೇಲೆ ಇಬ್ಬರೂ ಹೋದದ್ದು ಅದೇ ಮೊದಲು. ಹೆಚ್ಚೇನೂ ಮಾತಾಡ್ಲಿಲ್ಲ.

ದುಃಖ ಹೋಗಿದೆಯಾ? ಇಲ್ಲ. ಜುಲೈ ಬಂದ್ರೆ ಈಗ್ಲೂ ಕಷ್ಟ. ಬರೆದು ಮುಗಿಯದಷ್ಟು ಭಾರವಾದ್ರೆ ಬರೀತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ, ಅಥವಾ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸೇವೆ ಅದು, ಕನ್ನಡದಲ್ಲೇ ಮಾತಾಡಬಹುದು.

ಅಪ್ಪನ ಡೈರಿ ತುಂಬಿತು. ಈಗ ಹೊಸದರಲ್ಲಿ ಬರೀತಿದ್ದೇವೆ, ಒಂದು ದಿನ ನಾನು, ಒಂದು ದಿನ ಅಮ್ಮ. ನಿಮ್ಮ ಮನೇಲಿ ಹೀಗೆ ದಿನಾ ಏನಾದ್ರೂ ಬರೆದಿಡುವವರು ಇದ್ದಾರಾ?