ಮೋಟಾರಿನ ಮೂತಿ

ಸಿಂಧನೂರಿನ ಬತ್ತದ ಗದ್ದೆಗಳನ್ನು ಹಿಂದಿಕ್ಕಿ, ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ನಾವು ಸಣ್ಣದೊಂದು ಬಾಡಿಗೆಯ ಮೋಟಾರಿನಲ್ಲಿ ಹೊರಟಿದ್ದೆವು. ಅದರ ಬಂಪರು ಇಷ್ಟು ಮೊಟಕೇಕೆಂದು ಮಗಳು ಕೇಳಿದಳು. ಚಿಕ್ಕ ಎಂಜಿನ್ನಿದ್ದು 4 ಮೀಟರಿಗೆ ಮೀರದ ಗಾಡಿಗಳಿಗೆ ನಮ್ಮ ದೇಶದಲ್ಲಿ 2006ರಿಂದ ತೆರಿಗೆಯ ರಿಯಾಯಿತಿಯುಂಟು. ಆದುದರಿಂದಲೇ ಟಾಟಾದವರು 2008ರಲ್ಲಿ ಇಂಡಿಗೋವಿನ ಹಿಂಭಾಗವನ್ನೇ ಮೊಟಕುಮಾಡಿ ಹೊರತಂದರು. ಅಮೆರಿಕದಲ್ಲಾದರೋ, 1973ರ ಮಾದರಿಗಳಿಂದ ಮುಂದಿನ ಬಂಪರು ಗಂಟೆಗೆ 5 ಮೈಲಿಯ ವೇಗದ ಡಿಕ್ಕಿಯನ್ನು ತಾಳಬೇಕೆಂಬ ನಿಯಮವಾಗಿ, ಬಂಪರುಗಳು ದಪ್ಪನಾಗಿ ಮುಂಚಾಚಿದುವು.

ಮಸ್ಕಿಯ ಬಳಿ ಕರುವೊಂದು ಥಟ್ಟನೆ ಅಡ್ಡಬಂದಿತು. ಚಾಲಕನು ಬ್ರೇಕನ್ನು ತುಳಿದರೂ ಗಾಡಿಯು ಮೆಲ್ಲನೆ ತಗುಲಿತು. ಪ್ಲಾಸ್ಟಿಕ್ಕಿನ ಬಂಪರು ಬಿರಿಯಿತು; ಕರುವು ಕುಂಟದೆ ಓಡಿತು.

"ಮುಂದ ಕಬ್ಬಿಣದ ಕಂಬಿ ಇದ್ದಿದ್ರ ಗಾಡಿ ಉಳೀತಿತ್ರೀ" ಎಂದು ಅವನು ಹಲುಬಿದನು.

ಗಾಡಿಯೇನೋ ಉಳಿಯುತ್ತಿತ್ತು. ಆದರೆ ಅಂತಹ ಕಂಬಿಯು ಹೊಡೆತವನ್ನು ತಾನು ಹೀರದೆ ಎದುರಿಗಿದ್ದವರ ಮೈಗೆ ದಾಟಿಸುತ್ತದೆ. ಈ ಕಾರಣದಿಂದಲೇ ಅವುಗಳ ಮೇಲೆ ಕ್ರಮ ಕೈಕೊಳ್ಳುವಂತೆ ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು.

ಪ್ರಾಣಿದಯೆಯನ್ನು ಸಾರಿದ ಅಶೋಕನ ಹೆಸರುಳ್ಳ ಬಂಡೆಶಾಸನವು 1915ರಲ್ಲಿ ದೊರೆತ ಊರಿದು. ಬಿರಿದ ಬಂಪರಿಗೆ ಹಣ ತೆರುವಾಗ ನನಗೆ ವ್ಯಸನವಾಗಲಿಲ್ಲ.