ಮಸ್ಕಿ ದಾರಿಯಲ್ಲಿ ಮಬ್ಬುಗಾಜು

ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಲಿಂಗಸುಗೂರಿಗೆ ಹೊರಟವರಿಗೆ ನಡುದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಜ್ಜನ ಕಾಲದ ಯೆಜ್ಡಿಯ ಮೇಲೆ ಹೊರಟರೆ ಊರುಗಳೇನೋ ಕಾಣುತ್ತವೆ, ವೇಗ ಕಾಣುವುದಿಲ್ಲ. ಬಿಸಿಲು, ದೂಳಿಗೆ ಸ್ಪೀಡೋಮೀಟರಿನ ಗಾಜು ಮಬ್ಬಾಗಿರುತ್ತದೆ.

ಆ ಬೈಕು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗೆಂದು ಮೀಟರನ್ನೇ ಎಸೆಯಬೇಕಿಲ್ಲ. ಗಾಜು ಬದಲಿಸಿದರೆ ಸಾಕು. ಮೀಟರನ್ನು ಬಿಚ್ಚಿ, ಅಂಚಿನ ಲೋಹದ ರಿಂಗನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು. ಹೊಸ ಗಾಜನ್ನು ರಬ್ಬರ್ ವಾಷರಿನೊಂದಿಗೆ ಕೂರಿಸಿ ರಿಂಗನ್ನು ಮತ್ತೆ ಮಡಿಸಬೇಕು. ಮುಳ್ಳನ್ನು ಮಾತ್ರ ಮುಟ್ಟಬಾರದು. ಕೇಬಲ್ಲು ಒಳಗಿನ ಅಯಸ್ಕಾಂತವನ್ನು ತಿರುಗಿಸಿದಾಗ ಅದು ಮುಳ್ಳಿರುವ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ. ಕೂದಲಿನಂಥ ಸ್ಪ್ರಿಂಗು ತಡೆಯುತ್ತದೆ. ಮುಳ್ಳು ಸರಿದರೆ ಮೀಟರು ಸುಳ್ಳು ಹೇಳುತ್ತದೆ.

ಮಸ್ಕಿಯಲ್ಲಿ ಇಳಿದು ಬಂಡೆಯ ಶಾಸನವನ್ನೂ ನೋಡಬೇಕು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಪತ್ತೆ ಹಚ್ಚಿದರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಖಚಿತವಾದದ್ದು ಅದರಲ್ಲಿದ್ದ ಹೆಸರಿನಿಂದ. ಇತಿಹಾಸಕ್ಕೂ ಸವಾರಿಗೂ ಸರಿಯಾಗಿ ಓದುವುದು ಮುಖ್ಯ.

18 ತುಂಬಿ ಲೈಸೆನ್ಸ್ ಪಡೆದ ಮಗ ಅಜ್ಜನ ಬೈಕು ಕೇಳಿದರೆ, ತಂದೆತಾಯಿ ಕೀಲಿಗಿಂತ ಮೊದಲು ಈ ಗಾಜನ್ನು ಬದಲಿಸಲು ಹೇಳಲಿ. ಲಿಂಗಸುಗೂರಿಗೆ ಆಮೇಲೆ ನಿಧಾನವಾಗಿ ಹೋದರಾಯಿತು.